ಬೇಲಿಯೊಳಗೆ ಬಂದ ಕೋಳಿಮರಿಗಳು

ನನಗೆ ಇಂಗ್ಲಿಷ್ ಬರುತ್ತದೆ ಎಂಬ ವಿಷಯದಲ್ಲಿ ನಮ್ಮ ಹಟ್ಟಿಯಲ್ಲಿ ಯಾರಿಗೂ ಅನುಮಾನ ಇರಲಿಲ್ಲ. ನನಗಂತೂ ಇರಲೇ ಇಲ್ಲ. ಯಲ್ಲದಕೆರೆಯಿಂದ ಎರಡು ಮೈಲಿ ಒಳಗೆ, ಜಾಲಿಮುಳ್ಳಿನ ಬೇಲಿ ಸುತ್ತಿಕೊಂಡು ಮೂವತ್ತು ಮನೆ ಇದ್ದ ಗೊಲ್ಲರ ಹಟ್ಟಿ ನಮ್ಮದು. ಅಲ್ಲಿಂದ ಚಿತ್ರದುರ್ಗದ ಕಾಲೇಜಿಗೆ ಹೋಗಿ, ಹಾಸ್ಟೆಲಿನಲ್ಲಿ ಉಂಡು, ಬಿ.ಎ. ಕಡೆಯ ವರ್ಷದ ಪರೀಕ್ಷೆ ಬರೆದು ಬಂದ ಮೊದಲನೆಯವ ನಾನು. ಹಟ್ಟಿಗೆ ಕಾಗದ ಬಂದರೆ ಓದುವವನು ನಾನು, ತಾಲ್ಲೂಕು ಆಫೀಸಿಗೆ ಅರ್ಜಿ ಬರೆಯುವವನು ನಾನು, ಖಾಕಿ ಬಟ್ಟೆಯವರು ಯಾರಾದರೂ ಬಂದರೆ ಮುಂದೆ ನಿಂತು ಮಾತಾಡುವವನೂ ನಾನೇ. ಇಪ್ಪತ್ತೊಂದನೆಯ ವಯಸ್ಸಿಗೆ ಇಷ್ಟೆಲ್ಲ ಸಿಕ್ಕರೆ ಯಾರ ತಲೆಯಾದರೂ ಸ್ವಲ್ಪ ತಿರುಗುತ್ತದೆ. ನನ್ನದು ಸ್ವಲ್ಪ ಹೆಚ್ಚೇ ತಿರುಗಿತ್ತು.

ಎಪ್ಪತ್ತರ ದಶಕದ ನಡುಭಾಗ ಅದು. ಫಲಿತಾಂಶಕ್ಕೆ ಕಾಯುತ್ತ ಕೂತಿದ್ದ ನನ್ನನ್ನು ಕಾಲೇಜಿನ ಮೇಷ್ಟ್ರೊಬ್ಬರು ದುರ್ಗಕ್ಕೆ ಕರೆಸಿಕೊಂಡರು. ಐರ್ಲೆಂಡ್ ಎಂಬ ದೇಶದಿಂದ ಒಬ್ಬ ವಿದ್ಯಾರ್ಥಿ ಬಂದಿದ್ದಾನೆ, ತನ್ನ ಕಾಲೇಜಿನ ರಜೆಯಲ್ಲಿ ಎರಡು ತಿಂಗಳು ಹಳ್ಳಿಯಲ್ಲಿದ್ದು ಸ್ವಯಂಸೇವಕನಾಗಿ ಏನಾದರೂ ಮಾಡಬೇಕಂತೆ, ಊರಿನ ಒಂದು ಸೇವಾಸಂಸ್ಥೆ ಅವನನ್ನು ನೋಡಿಕೊಳ್ಳುತ್ತಿದೆ, ಆದರೆ ಅವನಿಗೆ ಕನ್ನಡದ ಗಂಧವೇ ಇಲ್ಲ ಎಂದರು.

"ನಿಮ್ಮ ಹಟ್ಟಿಯಲ್ಲಿ ಇಟ್ಟುಕೊಳ್ಳೋಕೆ ಆಗುತ್ತಾ? ಅವನ ಮಾತು ಅವರಿಗೆ, ಅವರ ಮಾತು ಇವನಿಗೆ ಹೇಳೋ ಕೆಲಸ ನಿನ್ನದು."

"ಅದಕ್ಕೇನ್ ಸಾರ್, ಸಲೀಸು" ಎಂದೆ. ಹಟ್ಟಿಯಲ್ಲಿ ಯಾರನ್ನೂ ಕೇಳಿರಲಿಲ್ಲ. ಮೊದಲು ಒಪ್ಪಿಕೊಂಡು ಆಮೇಲೆ ಒಪ್ಪಿಸುವುದು ನನ್ನ ಪದ್ಧತಿಯಾಗಿತ್ತು, ಮತ್ತು ಅಲ್ಲಿಯವರೆಗೆ ಅದು ಒಂದು ಸಲವೂ ಕೈಕೊಟ್ಟಿರಲಿಲ್ಲ.

ಹಟ್ಟಿಯ ಯಜಮಾನ ನನ್ನ ದೊಡ್ಡಪ್ಪನೇ. ಸುದ್ದಿ ಕೇಳಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದ. "ಅವ್ನು ಉಣ್ಣಾದೇನೋ? ಮಲಗಾದೆಲ್ಲೋ? ನಮ್ಮ ದನ ಕುರಿ ಮಧ್ಯೆ ಇರ್ತಾನಾ ಅವ್ನು?"

"ನಮ್ಮನೇಲಿ ಮಲಗ್ಲಿ ಬಿಡು" ಎಂದಳು ಅಜ್ಜಿ, ನನ್ನ ಅಪ್ಪನ ತಾಯಿ. ಅಪ್ಪ ಅವ್ವ ಕುರಿ ಹೊಡೆದುಕೊಂಡು ನೀರಾವರಿ ಸೀಮೆಯ ಕಡೆ ಹೋಗಿದ್ದರು, ಮನೆಯಲ್ಲಿ ನಾವಿಬ್ಬರೇ. "ಅವ್ನ ಹಡೆದವ್ಳು ಅಷ್ಟು ದೂರ ಕಳಿಸ್ಯಾಳೆ. ನಾವು ಒಂದು ಚಾಪೆ ಹಾಸಕಾಗಲ್ವಾ?"

ಹಾಗೆ ಬಂದ ಅವನು. ಆರಡಿಗೂ ಮೇಲೆ ಎತ್ತರ, ಬಿಸಿಲಿಗೆ ಕೆಂಪಗಾಗಿ ಸಿಪ್ಪೆ ಏಳುತ್ತಿದ್ದ ಮೂಗು, ಕಾಲಲ್ಲಿ ಮೊಣಕಾಲಿನ ಹತ್ತಿರದವರೆಗೂ ಬರುವ ಬೂಟು. ಬೇಲಿಯ ಬಾಗಿಲಲ್ಲಿ ನಿಲ್ಲಿಸಿ, ಬೂಟು ಇಲ್ಲೇ ಬಿಡಬೇಕು ಎಂದೆ. ಯಾಕೆ ಎಂದು ಕೇಳಿದ. ನಡುವೆ ದೇವರ ಗುಡಿ ಇದೆ, ಬೇಲಿಯೊಳಗಿನ ನೆಲವೆಲ್ಲ ಆ ಗುಡಿಯ ಅಂಗಳವೇ, ಯಾರೂ ಚಪ್ಪಲಿ ಮೆಟ್ಟಿ ಒಳಗೆ ಬರುವುದಿಲ್ಲ ಎಂದು ವಿವರಿಸಿದೆ. ಅದನ್ನು ಹೇಳುವಾಗ ನನಗೆ ಯಾವ ಸಂಕೋಚವೂ ಆಗಲಿಲ್ಲ. ಗುಡಿಯ ಮುಂದೆ ಚಪ್ಪಲಿ ಬಿಡುವುದು ಊರಲ್ಲೆಲ್ಲ ಇರುವುದೇ. ಅವನು ಅಲ್ಲೇ ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿದ. ಆಮೇಲೆ ಒಂದು ದಿನವೂ ಮರೆಯಲಿಲ್ಲ.

ಬರಿಗಾಲು ಅಭ್ಯಾಸವಿಲ್ಲದ ಅವನ ಹಿಮ್ಮಡಿಗೆ ದಿನಕ್ಕೆ ನಾಲ್ಕು ಮುಳ್ಳು. ಸಂಜೆ ಅಜ್ಜಿ ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಮುಳ್ಳು ಕೀಳುತ್ತಿದ್ದಳು. ಅವನು ಹಲ್ಲು ಕಚ್ಚಿಕೊಂಡು ಸೂರು ನೋಡುತ್ತಿದ್ದ. ಕಿತ್ತ ಮುಳ್ಳನ್ನು ಅಂಗೈ ಮೇಲಿಟ್ಟು ತೋರಿಸಿ, "ನೋಡಪ್ಪ, ಎಷ್ಟುದ್ದ ಐತೆ" ಎನ್ನುವಳು. "ಐತೆ" ಎನ್ನುವನು ಅವನು. ಅವನು ಕಲಿತ ಮೊದಲ ಕನ್ನಡ ಪದ ಅದು.

ಉಳಿದ ಮಾತೆಲ್ಲ ನನ್ನ ಮೂಲಕವೇ ಹೋಗಬೇಕಿತ್ತು. ದೊಡ್ಡಪ್ಪ ಏನಾದರೂ ಕೇಳಿದರೆ ಅವನು ನನ್ನ ಮುಖ ನೋಡುವನು, ಅವನು ಏನಾದರೂ ಹೇಳಿದರೆ ಹಟ್ಟಿಯೆಲ್ಲ ನನ್ನ ಮುಖ ನೋಡುವುದು. ನಾನು ಹೇಳಿದ್ದನ್ನು ಎರಡೂ ಕಡೆಯವರು ನಂಬಿಬಿಡುತ್ತಿದ್ದರು. ನಂಬದೆ ಬೇರೆ ದಾರಿಯೂ ಇರಲಿಲ್ಲ. ಈ ನಂಬಿಕೆ ಎಷ್ಟು ದೊಡ್ಡದು ಎಂಬುದು ಆಗ ನನಗೆ ಹೊಳೆಯಲಿಲ್ಲ. ಎಲ್ಲರೂ ನನ್ನ ಮುಖ ನೋಡುವುದಷ್ಟೇ ಚೆನ್ನಾಗಿತ್ತು.

ಎರಡನೆಯ ವಾರ ಕುರಿಗಳ ತುಪ್ಪಟ ಕತ್ತರಿಸುವ ಕೆಲಸ ಬಂತು. ಕುರಿಯ ನಾಲ್ಕೂ ಕಾಲು ಕಟ್ಟಿ ಮಲಗಿಸಿ, ದೊಡ್ಡ ಕತ್ತರಿಯಿಂದ ಉಣ್ಣೆ ತೆಗೆಯುವುದು ನಮ್ಮ ಕ್ರಮ. ಅವನು ಸ್ವಲ್ಪ ಹೊತ್ತು ನೋಡುತ್ತ ನಿಂತಿದ್ದ. ಆಮೇಲೆ ಒಂದು ಟಗರನ್ನು ಹಿಡಿದು, ಕಾಲು ಕಟ್ಟದೆ, ಮನುಷ್ಯನನ್ನು ಕೂರಿಸಿದ ಹಾಗೆ ಕುಂಡೆಯ ಮೇಲೆ ಕೂರಿಸಿ ತನ್ನ ಮೊಣಕಾಲ ನಡುವೆ ಒತ್ತಿಕೊಂಡ. ಟಗರು ಗಪ್‌ಚಿಪ್. ಕತ್ತರಿ ಮಾತ್ರ ಅವನ ಕೈಗೆ ಹೊಸದು, ಮೊದಲ ಕುರಿಯ ಚರ್ಮ ಎರಡು ಕಡೆ ಗೀರಿತು. ನಾಲ್ಕನೆಯ ಕುರಿಯ ಹೊತ್ತಿಗೆ ನಮ್ಮವರ ಸಮಕ್ಕೆ ಬಂದ. ಅವರಪ್ಪನೂ ಕುರಿ ಸಾಕುವವನೇ, ಚಿಕ್ಕಂದಿನಿಂದ ಇದೇ ಕೆಲಸ ಎಂದು ನಾನು ವಿವರಿಸಿದೆ.

ದೊಡ್ಡಪ್ಪನಿಗೆ ಹಿಡಿಸಲಾರದ ಸಂತೋಷ. "ಲೇ, ಇವ್ನು ನಮ್ಮ ಪೈಕಿನೇ ಕಣಲೇ! ಬಣ್ಣ ಒಂದು ಬ್ಯಾರೆ ಐತೆ ಅಷ್ಟೇಯ." ಆ ದಿನದಿಂದ ಅವನಿಗೆ ಮಜ್ಜಿಗೆ ಕೊಡದ ಮನೆ ಹಟ್ಟಿಯಲ್ಲಿ ಇರಲಿಲ್ಲ.

ಈಗ ನಮ್ಮ ಇನ್ನೊಂದು ಕಟ್ಟಳೆಯ ವಿಷಯ ಹೇಳಬೇಕು. ನಮ್ಮ ಹಟ್ಟಿಯೊಳಗೆ ಕೋಳಿ ಬರುವಂತಿಲ್ಲ. ಸಾಕುವಂತಿಲ್ಲ, ತಿನ್ನುವಂತಿಲ್ಲ, ಮುಟ್ಟುವಂತಿಲ್ಲ. ಅದು ನಮ್ಮ ದೇವರಿಗೆ ಆಗದು. ಕುರಿ ಸಾಕಿ ಕುರಿ ತಿನ್ನುವ ಜನ ಕೋಳಿಗೆ ಯಾಕೆ ಹೀಗೆ ಎಂದರೆ ನನ್ನ ಹತ್ತಿರ ಉತ್ತರವಿಲ್ಲ, ಇದ್ದದ್ದು ಹಾಗೆ. ಯಲ್ಲದಕೆರೆಯ ಓಣಿಯಲ್ಲಿ ಕೋಳಿ ಅಡ್ಡ ಬಂದರೆ ಅಜ್ಜಿ ಸೀರೆಯನ್ನು ಎತ್ತಿ ಹಿಡಿದು ಗೋಡೆಯ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದಳು. ಎಪ್ಪತ್ತು ವರ್ಷ ಹಾಗೇ ಕಳೆದವಳು.

ಹಾಸ್ಟೆಲಿನಲ್ಲಿ ಇದು ಹೇಗೋ ಹುಡುಗರಿಗೆ ಗೊತ್ತಾಗಿ, ನಾನು ಸ್ನಾನಕ್ಕೆ ಹೋದರೂ ಹಿಂದಿನಿಂದ ಕೊಕ್ಕೊಕ್ಕೋ ಎಂದು ಕೂಗುತ್ತಿದ್ದರು. ಒಂದು ವರ್ಷ ಸಹಿಸಿಕೊಂಡೆ. ಒಂದು ದಿನ ರೋಸಿಹೋಗಿ, ಅವರೆಲ್ಲರನ್ನೂ ಕರೆದುಕೊಂಡು ದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋಗಿ, ಅವರ ಎದುರಿಗೇ ಎರಡು ಬೇಯಿಸಿದ ಮೊಟ್ಟೆ ತಿಂದೆ. ಹೊಟ್ಟೆ ನೋಯಲಿಲ್ಲ, ಕಣ್ಣು ಹೋಗಲಿಲ್ಲ. ಕೊಕ್ಕೊಕ್ಕೋ ನಿಂತಿತು. ನನ್ನ ಮಟ್ಟಿಗೆ ಆ ಕಟ್ಟಳೆ ಅಲ್ಲಿಗೇ ಮುಗಿಯಿತು ಎಂದುಕೊಂಡೆ. ಹಟ್ಟಿಯಲ್ಲಿ ಮಾತ್ರ ಯಾರಿಗೂ ಹೇಳಲಿಲ್ಲ.

ತುಪ್ಪಟದ ಕೆಲಸ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನು ಬೇಲಿಯ ಹೊರಗಿನ ಬಾವಿಯ ಕಟ್ಟೆಯ ಮೇಲೆ ತನ್ನ ನೋಟುಪುಸ್ತಕ ಬಿಡಿಸಿಕೊಂಡು ಕೂತ. ಇಲ್ಲಿಯ ಸಣ್ಣ ಮಕ್ಕಳ ಕೈಕಾಲು ತೆಳ್ಳಗಿವೆ, ಸಂಸ್ಥೆಯವರು ಒಳ್ಳೆಯ ಜಾತಿಯ ಕೋಳಿಮರಿ ಪುಕ್ಕಟೆ ಕೊಡುತ್ತಾರಂತೆ, ಮನೆಗೆ ಒಂದೆರಡು ಸಾಕಿದರೆ ಮಕ್ಕಳಿಗೆ ದಿನಾ ಮೊಟ್ಟೆ ಸಿಗುತ್ತದೆ ಎಂದ. ನಂತರ ಪೆನ್ಸಿಲ್ಲು ಕೆಳಗಿಟ್ಟು ಕೇಳಿದ: "ಇಲ್ಲಿಯವರು ಕೋಳಿ ಸಾಕುತ್ತಾರಾ? ಒಂದೂ ಕಾಣುತ್ತಿಲ್ಲ. ಏನಾದರೂ ತೊಂದರೆ ಇದೆಯಾ?"

ನೇರವಾದ ಪ್ರಶ್ನೆ. ಉತ್ತರವೂ ನೇರವಾಗಿಯೇ ಇತ್ತು. ಆದರೆ ನನ್ನ ಕಿವಿಯಲ್ಲಿ ಮತ್ತೆ ಆ ಕೊಕ್ಕೊಕ್ಕೋ ಕೇಳಿಸಿತು. ಸಮುದ್ರ ದಾಟಿ ಬಂದ ಈ ಓದಿದ ಹುಡುಗನ ಮುಂದೆ, ನಮ್ಮ ದೇವರು ಕೋಳಿಗೆ ಮುನಿಯುತ್ತಾನೆ ಎಂದು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ವಾಕ್ಯವನ್ನು ಮನಸ್ಸಿನಲ್ಲಿ ಕಟ್ಟಿ ನೋಡಿದೆ. ನಾಚಿಕೆಯಾಯಿತು.

"ಏನೂ ತೊಂದರೆ ಇಲ್ಲ. ಬಡತನ ಅಷ್ಟೆ. ಕೊಟ್ಟರೆ ಸಾಕುತ್ತಾರೆ" ಎಂದೆ.

ಅವನಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. "ಯಾರಿಗಾದರೂ ಬೇಡ ಅನ್ನಿಸಬಹುದು. ಒಂದು ಸಲ ಎಲ್ಲರನ್ನೂ ಕೇಳಿ ಬರುತ್ತೀಯಾ?"

ಬೇಲಿಯೊಳಗೆ ಹೋಗಿ, ಗುಡಿಯ ಹಿಂದಿನ ನೆರಳಲ್ಲಿ ಒಂದು ಬೀಡಿ ಸೇದಿ, ವಾಪಸು ಬಂದೆ. "ಕೇಳಿದೆ. ಎಲ್ಲರಿಗೂ ಖುಷಿ" ಎಂದೆ. ಅವನು ನೋಟುಪುಸ್ತಕದಲ್ಲಿ ಬರೆದುಕೊಂಡ.

ನನ್ನನ್ನು ಕೆಟ್ಟವನು ಎಂದುಕೊಳ್ಳಬೇಡಿ. ನನಗೆ ಒಂದು ಲೆಕ್ಕಾಚಾರ ಇತ್ತು. ಮರಿಗಳು ಬಂದುಬಿಡಲಿ, ಬಂದ ಮೇಲೆ ನಾನು ನಾಲ್ಕು ಮಾತು ಹೇಳುತ್ತೇನೆ, ಕಾಲ ಬದಲಾಗಿದೆ ಎನ್ನುತ್ತೇನೆ, ನನ್ನ ಮಾತನ್ನು ಹಟ್ಟಿ ಯಾವತ್ತು ಮೀರಿದೆ? ಹಿಂದೆ ಸಿಡುಬಿನ ಸೂಜಿ ಹಾಕಿಸಿದ್ದೂ ನಾನೇ ತಾನೇ? ಇದನ್ನೂ ದಾಟಿಸುತ್ತೇನೆ ಎಂದು ನಿಜವಾಗಿಯೂ ನಂಬಿದ್ದೆ.

ಅವನು ಅಜ್ಜಿಯ ಮನೆಯ ಹಿಂದೆ ಗೂಡು ಕಟ್ಟಲು ಶುರುಮಾಡಿದ. ಬಂದ್ರೆ ಗಿಡದ ಕಡ್ಡಿ ಹೆಣೆದು, ನೆಲದಿಂದ ಒಂದು ಮೊಳ ಎತ್ತರಕ್ಕೆ ಅಟ್ಟಣಿಗೆ ಹಾಕಿ, ಬಾಗಿಲಿಟ್ಟ. ಹಟ್ಟಿಯವರು ಕುರಿಮರಿಗೆ ಗೂಡು ಎಂದುಕೊಂಡರು. ಮೂವರು ಹೆಂಗಸರು ಬಂದು ಕಡ್ಡಿ ಹೆಣೆದುಕೊಟ್ಟರು. ದೊಡ್ಡಪ್ಪ ತಾನೇ ಕೂತು ಸಗಣಿ ಸಾರಿಸಿದ. "ಮರಿ ದಾಟಾಕೆ ಇಷ್ಟು ಸಣ್ಣ ಬಾಗ್ಲು ಸಾಕೇನೋ? ಕೇಳು ಅವ್ನ" ಎಂದ. ನಾನು ಅವನ ಕಡೆ ತಿರುಗಿ, "ಗೂಡು ಚೆನ್ನಾಗಿದೆ ಎನ್ನುತ್ತಿದ್ದಾನೆ" ಎಂದೆ. ಅವನು ನಕ್ಕು ದೊಡ್ಡಪ್ಪನಿಗೆ ಕೈಮುಗಿದ. "ಸಾಕಂತೆ" ಎಂದೆ ದೊಡ್ಡಪ್ಪನಿಗೆ.

ಆಷಾಢದ ಗಾಳಿ ಎದ್ದಿತ್ತು. ಮರಿಗಳು ಹಿರಿಯೂರಿಗೆ ಬರುತ್ತವೆ ಎಂದು ಸಂಸ್ಥೆಯಿಂದ ಕಾಗದ ಬಂತು. ಬೆಳಗಿನ ಬಸ್ಸಿಗೆ ಇಬ್ಬರೂ ಹೋದೆವು. ಸುತ್ತಲೂ ತೂತು ಕೊರೆದ ಒಂದು ರಟ್ಟಿನ ಪೆಟ್ಟಿಗೆ, ಒಳಗೆ ನಲವತ್ತು ಮರಿ. ವಾಪಸು ಬರುವಾಗ ಅವನು ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಗಾಳಿ ಬೀಳದ ಹಾಗೆ ತನ್ನ ಟವೆಲು ಮುಚ್ಚಿದ. "ಇದು ನಿಮಗೆ ಎನ್ನುವುದನ್ನು ಕನ್ನಡದಲ್ಲಿ ಹೇಗೆ ಹೇಳಬೇಕು?" ಎಂದು ಕೇಳಿದ. ಮೊದಲ ಮರಿಯನ್ನು ಅಜ್ಜಿಗೇ ಕೊಡಬೇಕಂತೆ. "ಅಜ್ಜಿ, ಇದು ನಿಂಗೆ" ಎಂದು ಹೇಳಿಕೊಟ್ಟೆ. ಬಸ್ಸು ಯಲ್ಲದಕೆರೆ ಮುಟ್ಟುವವರೆಗೂ ಅದನ್ನೇ ಬಾಯಿಪಾಠ ಮಾಡಿದ.

ರಸ್ತೆಯಿಂದ ಹಟ್ಟಿಗೆ ಎರಡು ಮೈಲಿ. ಮುಂದೆ ಓಡಿಹೋಗಿ ದೊಡ್ಡಪ್ಪನ ಕಿವಿಗೆ ಹಾಕಬೇಕು ಎಂದು ಹೊರಟವನು, ಅವನು ಪೆಟ್ಟಿಗೆ ಎತ್ತಿ ನಡೆಯುವ ಸಂಭ್ರಮ ನೋಡಿ ಸುಮ್ಮನಾದೆ. ಇನ್ನೂ ಸಮಯವಿದೆ, ಬೇಲಿಯ ಹತ್ತಿರ ಅವನನ್ನು ನಿಲ್ಲಿಸಿ ನಾನೊಬ್ಬನೇ ಒಳಗೆ ಹೋಗುತ್ತೇನೆ ಎಂದುಕೊಂಡೆ. ಆದರೆ ಬೇಲಿಯ ಬಾಗಿಲಲ್ಲೇ ಅಜ್ಜಿ ಕಾಯುತ್ತಿದ್ದಳು.

ಅವನು ಪೆಟ್ಟಿಗೆ ಕೆಳಗಿಟ್ಟ. ಕಲ್ಲಿನ ಮೇಲೆ ಕೂತು ಲೇಸು ಬಿಚ್ಚಿ, ಬೂಟುಗಳನ್ನು ಎಂದಿನಂತೆ ಜೊತೆಯಾಗಿ ಹೊರಗಿಟ್ಟ. ಪೆಟ್ಟಿಗೆ ಎತ್ತಿಕೊಂಡು ಬರಿಗಾಲಲ್ಲಿ ಒಳಗೆ ಬಂದ. ಮುಚ್ಚಳ ಸರಿಸಿ, ಒಂದು ಹಳದಿ ಮರಿಯನ್ನು ತೆಗೆದು, ಅಜ್ಜಿಯ ಕೈ ಬಿಡಿಸಿ, ಅಂಗೈಯೊಳಗೆ ಇಟ್ಟ.

"ಅಜ್ಜಿ, ಇದು ನಿಂಗೆ."

ಎಷ್ಟು ಚೆನ್ನಾಗಿ ಹೇಳಿದ ಎಂದರೆ, ನಮ್ಮವರೇ ಹೇಳಿದ ಹಾಗಿತ್ತು.

ಅಜ್ಜಿ ಕಿರುಚಲಿಲ್ಲ. ಮರಿಯನ್ನು ಬಿಸಾಡಲೂ ಇಲ್ಲ. ಬಿಸಾಡಿದ್ದರೆ ಅದು ಸಾಯುತ್ತಿತ್ತು. ಎರಡೂ ಕೈಗಳನ್ನು ಮೈಯಿಂದ ಆದಷ್ಟು ದೂರ ಚಾಚಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬೇಲಿಯ ಹೊರಗೆ ನಡೆದು, ಬೇವಿನ ಮರದ ಕೆಳಗೆ ಕೂತಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅಷ್ಟರಲ್ಲಿ ಚಿಂವ್ ಚಿಂವ್ ಸದ್ದು ಹಟ್ಟಿಗೆಲ್ಲ ಕೇಳಿತ್ತು. ಹೆಂಗಸರು ಮಕ್ಕಳನ್ನು ಒಳಗೆ ಎಳೆದುಕೊಂಡರು. ದೊಡ್ಡಪ್ಪ ಗುಡಿಯ ಕಡೆಯಿಂದ ಬರಿಮೈಯಲ್ಲಿ ಓಡಿ ಬಂದು ಪೆಟ್ಟಿಗೆಯೊಳಗೆ ನೋಡಿದವನು ಅಲ್ಲೇ ನಿಂತುಬಿಟ್ಟ. "ಹಟ್ಟಿ ಕೆಡಿಸಿದ್ಯಲ್ಲಪ್ಪ" ಎಂದ, ಮೆತ್ತಗೆ. ಆಮೇಲೆ ಬೇಲಿಯ ಬಾಗಿಲಿನ ಕಡೆ ಕೈ ತೋರಿಸಿ ಜೋರಾಗಿ, "ನಡಿ ಹೊರಗೆ!" ಎಂದ. ಅದಕ್ಕೆ ಯಾರ ಅನುವಾದವೂ ಬೇಕಿರಲಿಲ್ಲ. ಅವನು ಪೆಟ್ಟಿಗೆ ಎತ್ತಿಕೊಂಡು ಹೊರಗೆ ಹೋಗಿ ನಿಂತ. ನಾನೂ ಹೋದೆ.

ಬೇಲಿಯ ಒಳಗೆ ಹಟ್ಟಿ, ಹೊರಗೆ ನಾವು ಮೂವರು. ಒಳಗಿನಿಂದ ಮಾತುಗಳು ಒಂದರ ಮೇಲೊಂದು ಬಿದ್ದವು. "ನಮ್ಮನೆ ಮುದ್ದೆ ಉಂಡು ನಮ್ಮ ದ್ಯಾವ್ರಿಗೇ ಹಿಂಗ್ ಮಾಡ್ದ." "ಬೇಕಂತ್ಲೇ ಮಾಡ್ಯಾನೆ." "ಗೂಡು ಕಟ್ಟಿದ್ದು ಇದಕ್ಕೇ ಏನು? ನನ್ ಕೈಲಿ ಕಡ್ಡಿ ಹೆಣೆಸಿದ್ನಲ್ಲವ್ವ!" ದೊಡ್ಡಪ್ಪ ಎಲ್ಲರನ್ನೂ ಸುಮ್ಮನಿರಿಸಿ ನನಗೆ ಹೇಳಿದ: "ಇವತ್ತೇ ಸಂಜೆ ಬಸ್ಸಿಗೆ ಹತ್ತಿಸು ಅವ್ನ. ಮತ್ತೆ ಈ ಬೇಲಿ ದಾಟಬಾರ್ದು ಅಂತ ಹೇಳು."

"ಏನು ಹೇಳುತ್ತಿದ್ದಾರೆ?" ಎಂದು ಅವನು ಕೇಳಿದ.

ನಾನು ಹೇಳಿದ್ದನ್ನು ಈಗ ಬರೆಯುವಾಗಲೂ ಕೈ ಹಿಂದೆಗೆಯುತ್ತದೆ. "ಈ ಗಾಳಿಗೆ ಮರಿ ಸಾಯುತ್ತವೆ ಎಂದು ಹೆದರಿದ್ದಾರೆ" ಎಂದೆ.

ಅವನು ನನ್ನನ್ನು ನೋಡಿದ. ಬೇಲಿಯ ಆಚೆ ನಿಂತ ಮೂವತ್ತು ಮನೆಯ ಜನರನ್ನು ನೋಡಿದ. ಬೇವಿನ ಕೆಳಗೆ ಕೈ ಚಾಚಿಕೊಂಡು ಕೂತಿದ್ದ ಅಜ್ಜಿಯನ್ನು ನೋಡಿದ. "ಅದಕ್ಕೆ ಅಜ್ಜಿ ಅಳುತ್ತಾಳಾ?" ಎಂದ.

ಆಗ ಅಜ್ಜಿ ಕೂತಲ್ಲಿಂದಲೇ ಕೂಗಿದಳು.

"ಲೇ, ಇತ್ಲಾಗ್ ನೋಡು. ಬೂಟು ಬಿಡು ಅಂದ್ರೆ ಒಂದಿನ ತಪ್ಪಿಲ್ಲ ಅವ್ನು. ಅಂಥವ್ನು ಇದನ್ನ ಕೇಳ್ದೆ ತಂದಾನೇನು? ನಿಜ ಹೇಳು. ಅವ್ನು ನಿನ್ನ ಕೇಳಿದ್ನಾ?"

ಅವನನ್ನು ಬಸ್ಸಿಗೆ ಹತ್ತಿಸಿದರೆ ಎಲ್ಲ ಮುಗಿದುಹೋಗುತ್ತಿತ್ತು. ಇಲ್ಲ ಎಂದರೆ ಸಾಕಿತ್ತು. ಅವನು ತನ್ನ ದೇಶಕ್ಕೆ ಹೋಗುತ್ತಿದ್ದ, ಯಾಕೆ ಹೊರಹಾಕಿದರು ಎಂದು ತಿಳಿಯದೆಯೇ. ಹಟ್ಟಿ ಅವನನ್ನು ಬೈದುಕೊಂಡು ಮರೆಯುತ್ತಿತ್ತು. ನನ್ನ ಹೆಸರು ಹಾಗೇ ಉಳಿಯುತ್ತಿತ್ತು. ಇಷ್ಟನ್ನೂ ನಾನು ಆ ಹೊತ್ತಿನಲ್ಲೇ ಯೋಚಿಸಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಜ್ಜಿ ಇನ್ನೂ ಆ ಮರಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು.

"ಕೇಳಿದ್ದ" ಎಂದೆ.

"ನೀನೇನಂದೆ?"

"ಏನೂ ತೊಂದ್ರೆ ಇಲ್ಲ ಅಂದೆ. ಎಲ್ರನ್ನೂ ಕೇಳ್ಕಂಡ್ ಬಾ ಅಂದ. ನಾನು ಯಾರ್ನೂ ಕೇಳ್ಲಿಲ್ಲ. ಕೇಳಿದೆ ಅಂದ್ಬಿಟ್ಟೆ."

ದೊಡ್ಡಪ್ಪ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಅವನ ಮುಖದಲ್ಲಿ ಸಿಟ್ಟು ಇಳಿದು ಅಲ್ಲಿ ಇನ್ನೇನೋ ಬಂತು. ಓದಿದ ಮಗ ಎಂದು ಊರೆಲ್ಲ ಹೇಳಿಕೊಂಡು ತಿರುಗಿದವನು ಅವನೇ.

ಅಜ್ಜಿ ಗದ್ದ ಎತ್ತಿ ಆ ಹುಡುಗನ ಕಡೆ ತೋರಿಸಿದಳು. "ಈಗ ಅವ್ನಿಗೂ ಹೇಳು. ಪೂರ್ತಿ ಹೇಳು."

ಹೇಳಿದೆ. ದೇವರ ವಿಷಯ, ಕೋಳಿಯ ವಿಷಯ, ಗುಡಿಯ ಹಿಂದೆ ಬೀಡಿ ಸೇದಿ ಬಂದದ್ದು, ಹಾಸ್ಟೆಲಿನ ಮೊಟ್ಟೆಯನ್ನೂ ಸೇರಿಸಿ. ನಾಚಿಕೆಯಾಗಿ ಹೇಳಲಿಲ್ಲ ಎಂದೆ. ಇಂಗ್ಲಿಷಿನಲ್ಲಿ ಆ ವಾಕ್ಯ ಅಷ್ಟೇನೂ ಕಷ್ಟದ್ದಾಗಿರಲಿಲ್ಲ.

ಅವನು ಪೆಟ್ಟಿಗೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ. "ನಮ್ಮ ಹೊಲದ ನಡುವೆ ಒಂದು ಮುಳ್ಳಿನ ಮರ ಇದೆ" ಎಂದ. "ಒಂಟಿ ಮರ. ಅದನ್ನು ಕಡಿದರೆ ಮನೆಗೆ ಕೇಡು. ನಮ್ಮಪ್ಪ ಟ್ರ್ಯಾಕ್ಟರನ್ನು ಅದರ ಸುತ್ತ ತಿರುಗಿಸಿಕೊಂಡು ಉಳುತ್ತಾನೆ, ನಾನೂ ಹಾಗೇ ಉತ್ತಿದ್ದೇನೆ. ನೀನು ಹೇಳಿದ್ದರೆ ನಾನು ನಗುತ್ತಿರಲಿಲ್ಲ."

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಇಷ್ಟು ದಿನ ಯಾರ ಮುಂದೆ ಯಾವುದನ್ನು ಮುಚ್ಚಿಟ್ಟುಕೊಂಡೆನೋ, ಅಂಥದ್ದೇ ಒಂದು ಅವನ ಹೊಲದ ನಡುವೆಯೂ ನಿಂತಿತ್ತು.

ಅವನು ಹೋಗಿ ಅಜ್ಜಿಯ ಮುಂದೆ ಮಂಡಿಯೂರಿ, ಅವಳ ಕೈಯಿಂದ ಮರಿಯನ್ನು ತೆಗೆದು ಪೆಟ್ಟಿಗೆಗೆ ಬಿಟ್ಟ. ಅಜ್ಜಿ ಆಗ ಕಣ್ಣು ಒರೆಸಿಕೊಂಡಳು.

ದೊಡ್ಡಪ್ಪನ ತೀರ್ಮಾನ ಮೂರು ಮಾತಿನಲ್ಲಿ ಮುಗಿಯಿತು. ಕೋಳಿ ಮುಟ್ಟಿದವರು ಸೋಮವಾರ ಪೂಜಾರಿ ತೀರ್ಥ ಹಾಕುವವರೆಗೆ ಬೇಲಿಯ ಹೊರಗೆ ಇರಬೇಕು. ಆಮೇಲೆ ಆ ಹುಡುಗ ಅಜ್ಜಿಯ ಮನೆಯಲ್ಲೇ ಇರಲಿ, ಅವನದೇನೂ ತಪ್ಪಿಲ್ಲ. "ಪೆಟ್ಟಿಗೆ ನೀನು ಹೊತ್ಕಂಡು ಹೋಗು. ಒಬ್ನೇ ಹೋಗು."

ನಲವತ್ತು ಮರಿಗಳನ್ನು ತಲೆಯ ಮೇಲೆ ಹೊತ್ತುಕೊಂಡು ಯಲ್ಲದಕೆರೆಗೆ ಹೋದೆ. ಅಲ್ಲಿ ಕೋಳಿ ಸಾಕುವ ಮನೆಗಳಿಗೆ ಎರಡೆರಡು ಕೊಟ್ಟೆ. ಕೊಡುವ ಮುಂಚೆ ಪ್ರತಿ ಬಾಗಿಲಲ್ಲೂ ನಿಂತು, ಬೇಕಾ ಎಂದು ಕೇಳಿದೆ. ಅಷ್ಟಾದರೂ ಬುದ್ಧಿ ಬಂದಿತ್ತು.

ಸೋಮವಾರಕ್ಕೆ ಮೂರು ದಿನ ಇತ್ತು. ಅಜ್ಜಿ ಮತ್ತು ಅವನು ಬೇವಿನ ಮರದ ಹತ್ತಿರ ಕಂಬಳಿ ಕಟ್ಟಿ ನೆರಳು ಮಾಡಿಕೊಂಡು ಇದ್ದರು. ನಾನೂ ಮುಟ್ಟಿದವನೇ ಆದ್ದರಿಂದ ನಾನೂ ಹೊರಗೇ, ಆದರೆ ಸ್ವಲ್ಪ ದೂರ. ಹತ್ತಿರ ಬಾ ಎಂದು ಯಾರೂ ಕರೆಯಲಿಲ್ಲ. ಹೆಂಗಸರು ಬೇಲಿಯ ಹತ್ತಿರ ಮುದ್ದೆ ಸಾರು ಇಟ್ಟು ಹೋಗುವರು. ಅವರಿಬ್ಬರೂ ಮಾತಾಡುವುದು ನನಗೆ ಕೇಳುತ್ತಿತ್ತು. ಅಜ್ಜಿ ಕಲ್ಲು ತೋರಿಸಿ ಕಲ್ಲು ಎನ್ನುವಳು, ಅವನು ಅದಕ್ಕೆ ತನ್ನ ಮಾತಿನಲ್ಲಿ ಏನೋ ಅನ್ನುವನು, ಅಜ್ಜಿ ಅದನ್ನು ಹೇಳಲು ಹೋಗಿ ನಾಲಿಗೆ ತೊಡರಿ ನಗುವಳು. ಮೂರು ದಿನದಲ್ಲಿ ಅವನು ಕಲಿತಷ್ಟು ಕನ್ನಡ, ನಾನು ಜೊತೆಗಿದ್ದ ಐದು ವಾರದಲ್ಲಿ ಕಲಿತಿರಲಿಲ್ಲ.

ತೀರ್ಥ ಹಾಕಿಸಿಕೊಂಡು ಒಳಗೆ ಬಂದ ಮೇಲೂ ಅದು ಹಾಗೇ ಮುಂದುವರಿಯಿತು. ನನ್ನ ಜೊತೆ ಯಾರೂ ಮಾತು ಬಿಡಲಿಲ್ಲ, ಊಟಕ್ಕೆ ಕರೆಯದೆ ಇರಲಿಲ್ಲ. ನನ್ನ ಮುಖ ನೋಡುವುದನ್ನು ಮಾತ್ರ ನಿಲ್ಲಿಸಿದರು. ದೊಡ್ಡಪ್ಪ ಅವನಿಗೆ ಏನಾದರೂ ಹೇಳಬೇಕಾದರೆ ನೇರವಾಗಿ ಅವನಿಗೇ ಹೇಳುವನು, ಒಂದು ಸಲಕ್ಕೆ ತಿಳಿಯದಿದ್ದರೆ ನೆಲದ ಮೇಲೆ ಕೋಲಿನಿಂದ ಗೀಚಿ ತೋರಿಸುವನು. ಅವನು ಮನೆಮನೆಗೆ ಹೋಗಿ, ಏನೋ ಒಂದನ್ನು ಕೈಸನ್ನೆಯಲ್ಲಿ ತೋರಿಸಿ, "ಬೇಕಾ? ಬ್ಯಾಡ್ವಾ?" ಎಂದು ಕೇಳುವನು. ಹೀಗೆ ಕೇಳಿಕೇಳಿಯೇ, ಕುರಿಗಳು ನೀರು ಕುಡಿಯುವ ಕಟ್ಟೆ ಹೂಳು ತುಂಬಿಕೊಂಡಿರುವುದು ಎಲ್ಲರ ಚಿಂತೆ ಎಂದು ಅವನಿಗೆ ತಿಳಿಯಿತು. ಕಾಲೇಜು ಓದಿದ ನನಗೆ ಅದು ಗೊತ್ತಿರಲಿಲ್ಲ, ನಾನು ಯಾರನ್ನೂ ಕೇಳಿರಲಿಲ್ಲವಲ್ಲ. ಉಳಿದ ದಿನವೆಲ್ಲ ಹಟ್ಟಿಯವರೂ ಅವನೂ ಹೂಳು ತೆಗೆದರು. ನಾನು ಬುಟ್ಟಿ ಹೊತ್ತೆ. ಒಳ್ಳೆಯ ಬುಟ್ಟಿ ಹೊರುವವನು ಎಂದು ಹೆಸರೂ ಬಂತು.

ನಡುವೆ ಒಂದೆರಡು ಸಲ ನನ್ನ ಹಳೆಯ ಚಾಳಿ ತಲೆ ಎತ್ತಿತು. ಮಾತು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ, "ನಾನು ಹೇಳ್ಲಾ?" ಎಂದು ಮುಂದೆ ಹೋಗುತ್ತಿದ್ದೆ. "ಇರ್ಲಿ ಬಿಡು, ತಿಳ್ಕತಾನೆ" ಎನ್ನುವರು. ಅವನು ತಿಳಿದುಕೊಳ್ಳುತ್ತಲೂ ಇದ್ದ. ನನಗೆ ಹೊಟ್ಟೆ ಉರಿಯಿತು. ಉರಿಯಲಿಲ್ಲ ಎಂದರೆ ಅದೂ ಒಂದು ಸುಳ್ಳಾಗುತ್ತದೆ.

ಅವನು ಹೊರಡುವ ದಿನ ಅಜ್ಜಿ ಎರಡು ಮೈಲಿ ನಡೆದು ರಸ್ತೆಯವರೆಗೆ ಬಂದಳು. ಚೀಲ ಹೊತ್ತವನು ನಾನು. ಬಸ್ಸು ದೂರದಲ್ಲಿ ಧೂಳು ಎಬ್ಬಿಸಿದಾಗ ಅವನು ಅಜ್ಜಿಯ ಎರಡೂ ಕೈ ಹಿಡಿದುಕೊಂಡು ಮಾತಾಡತೊಡಗಿದ. ಕಲಿತ ಕನ್ನಡ ಎರಡು ವಾಕ್ಯಕ್ಕೆ ಖಾಲಿಯಾಯಿತು. ಆಮೇಲೂ ಅವನು ನಿಲ್ಲಿಸಲಿಲ್ಲ, ಧ್ವನಿ ಇಳಿಸಿ ನಿಧಾನವಾಗಿ ಏನೇನೋ ಹೇಳಿದ. ಅಜ್ಜಿ ತಲೆಯಾಡಿಸುತ್ತ ಕೇಳಿದಳು. ಅವನು ಮುಗಿಸಿದ ಮೇಲೆ ಅವಳೂ ಅಷ್ಟೇ ಹೊತ್ತು, ಸರಾಗವಾಗಿ, ನಮ್ಮ ಮಾತಿನಲ್ಲೇ ಹೇಳಿದಳು. ಅವನ ಕಣ್ಣು ಕೆಂಪಾಯಿತು.

ಬಸ್ಸು ಹೋದ ಮೇಲೆ ತಡೆಯಲಾರದೆ ಬಾಯಿ ತೆರೆದೆ. "ಅಜ್ಜಿ, ಅವ್ನು ಏನಂದ ಅಂದ್ರೆ..."

"ಬ್ಯಾಡ ಕಣಪ್ಪ" ಎಂದಳು ಅಜ್ಜಿ. ಸಿಟ್ಟಿರಲಿಲ್ಲ. "ನಂಗೆ ತಿಳೀತು. ನಡಿ, ಹೋಗಾಣ."

ನಡೆದೆವು. ಅವಳು ಮುಂದೆ, ನಾನು ಹಿಂದೆ. ಅವನು ಕಡೆಗೆ ಆಡಿದ್ದು ಇಂಗ್ಲಿಷ್ ಆಗಿರಲಿಲ್ಲ, ಅವನ ಮನೆಯ ಭಾಷೆ ಇರಬೇಕು. ಅದರಲ್ಲಿ ಒಂದು ಪದವೂ ನನಗೆ ತಿಳಿದಿರಲಿಲ್ಲ. ಅವಳು ಬೇಡ ಎನ್ನದೆ ಇದ್ದಿದ್ದರೆ ನಾನು ಆವತ್ತೂ ಏನಾದರೊಂದು ಹೇಳಿಬಿಡುತ್ತಿದ್ದೆ.